ಒಂದು ಹಕ್ಕಿಯ ನೆರಳುಚಿತ್ರ

ಕೆಲವೇ ವರ್ಷಗಳ ಹಿಂದೆ ಹೊನ್ನಾಳಿಯಿಂದ ಬೇರ್ಪಟ್ಟು ತಾನೇ ಒಂದು ತಾಲ್ಲೂಕಿನ ಕೇಂದ್ರವಾದ ನಮ್ಮ ನ್ಯಾಮತಿಯಲ್ಲಿ, ಮೆಕ್ಕೆಜೋಳದ ತೆನೆ ಹಾಲುಗಟ್ಟುವ ದಿನಗಳು ಬಂದವೆಂದರೆ ಗಿಳಿಗಳ ಹಿಂಡು ಎಲ್ಲಿಂದಲೋ ಬಂದಿಳಿಯುತ್ತದೆ. ರೈತನು ತಗಡಿನ ಡಬ್ಬಿ ಬಡಿದು, ಕವಣೆ ಬೀಸಿ, ಹೊಲದ ನಡುವೆ ಬೆದರುಬೊಂಬೆ ನಿಲ್ಲಿಸಿ ಅವುಗಳನ್ನು ಅಟ್ಟುವುದೂ, ಅವು ಅಡಕೆ ತೋಟದ ಮೇಲೆ ಒಂದು ಸುತ್ತು ಹಾರಿ ಮತ್ತೆ ಅದೇ ತೆನೆಯ ಮೇಲೆ ಬಂದು ಕೂರುವುದೂ ತಲೆತಲಾಂತರದಿಂದ ನಡೆದುಬಂದ ವ್ಯವಹಾರ. ಇಷ್ಟು ತಿನ್ನುವ ಜೀವಕ್ಕೆ ಉಂಡದ್ದು ಅರಗದೆ ಸೊರಗಿ ಸಾಯುವಂಥ ವ್ಯಾಧಿಯೊಂದು ಇರಬಹುದೆಂದು ಹೊಲದ ಬದುವಿನಲ್ಲಿ ನಿಂತವರಿಗೆ ತೋರುವುದಿಲ್ಲ. ಹಾರಾಡುವ ಹಕ್ಕಿಯ ಕಾಯಿಲೆ ನಮ್ಮ ಕಣ್ಣಿಗೆ ಬೀಳುವುದೇ ವಿರಳ. ದುರ್ಬಲವಾದದ್ದು ಹಿಂಡಿನಿಂದ ಹಿಂದುಳಿದು, ಹದ್ದಿಗೋ ಬೆಕ್ಕಿಗೋ ಆಹಾರವಾಗಿ, ತನ್ನ ರೋಗದ ಗುಟ್ಟನ್ನು ತನ್ನೊಡನೆಯೇ ಒಯ್ದುಬಿಡುತ್ತದೆ.

ನನಗೆ ಆ ಗುಟ್ಟಿನ ಪರಿಚಯವಾದದ್ದು ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರ ಪಡಸಾಲೆಯಲ್ಲಿ. ನಮ್ಮ ನಾಡಿನ ಗಿಳಿಗಳನ್ನು ಹಿಡಿಯುವುದಾಗಲಿ ಸಾಕುವುದಾಗಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧವೆಂಬುದನ್ನು ಬಲ್ಲ ಆ ಮೇಷ್ಟ್ರು, ಮಗನು ಬೆಂಗಳೂರಿನಿಂದ ತಂದುಕೊಟ್ಟ, ಆಸ್ಟ್ರೇಲಿಯಾ ಮೂಲದ ಎರಡು ಕಾಕಟೀಲ್ ಹಕ್ಕಿಗಳನ್ನು ಸಾಕಿಕೊಂಡಿದ್ದರು. ತಲೆಯ ಮೇಲೆ ಹಳದಿಯ ಜುಟ್ಟು, ಕೆನ್ನೆಯ ಮೇಲೆ ಕಿತ್ತಳೆಯ ಬೊಟ್ಟು, ತೂಕವೋ ನೂರು ಗ್ರಾಮಿನ ಆಸುಪಾಸು. ಅವುಗಳಲ್ಲಿ ಗಂಡು ಒಂದು ಮಳೆಗಾಲದಲ್ಲಿ ಬಡವಾಗತೊಡಗಿತು. ಬಟ್ಟಲಿನ ನವಣೆ ಎಂದಿನಂತೆ ಖಾಲಿಯಾಗುತ್ತಿತ್ತು. ಆದರೆ ಪಂಜರದ ತಳಕ್ಕೆ ಹಾಸಿದ ಪತ್ರಿಕೆಯ ಮೇಲೆ ಬಿದ್ದ ಹಿಕ್ಕೆಯಲ್ಲಿ, ಬಾಯಿಗೆ ಹೋದ ಕಾಳು ಹೋದಂತೆಯೇ, ಒಡೆಯದೆ, ಬಣ್ಣಗೆಡದೆ ಹೊರಬಂದಿರುತ್ತಿತ್ತು. ಹಕ್ಕಿಯನ್ನು ಅಂಗೈಯಲ್ಲಿ ಹಿಡಿದು ಎದೆಯನ್ನು ಬೆರಳಿನಿಂದ ಸವರಿದರೆ, ಎರಡು ಬದಿಯ ಮಾಂಸವೆಲ್ಲ ಕರಗಿ, ನಡುವಿನ ಮೂಳೆಯ ಏಣು ಕುಡುಗೋಲಿನ ಬಾಯಿಯಂತೆ ತಾಗುತ್ತಿತ್ತು. ಶಿವಮೊಗ್ಗಕ್ಕೆ ಒಯ್ದಾಗ ಮೇಷ್ಟ್ರು ವೈದ್ಯರಿಗೆ ಹೇಳಿದ್ದು ಒಂದೇ ಮಾತು: “ಹಗಲೆಲ್ಲ ತಿಂತದೆ ಸಾರ್, ಮೈಗೆ ಮಾತ್ರ ಹತ್ತಲ್ಲ.”

ಅಂದು ತೆಗೆದ ಎಕ್ಸ್-ರೇ ಚಿತ್ರ ಆಮೇಲೆ ಅನೇಕ ದಿನ ಮೇಷ್ಟ್ರ ಮನೆಯ ಮರದ ಬೀರುವಿನಲ್ಲಿತ್ತು. ಕಿಟಕಿಯ ಬೆಳಕಿಗೆ ಅದನ್ನು ಹಿಡಿದು ನೋಡಿದ ಗಳಿಗೆ ನನಗಿನ್ನೂ ನೆನಪಿದೆ. ನೀಲಿಗಪ್ಪು ಹಾಳೆಯ ಮೇಲೆ, ರೆಕ್ಕೆಗಳನ್ನು ಅಗಲವಾಗಿ ಚಾಚಿ ಅಂಗಾತ ಮಲಗಿದ ಪುಟ್ಟ ಪ್ರಾಣಿಯ ನೆರಳು. ಗರಿಗಳ ಸುಳಿವೇ ಇಲ್ಲದ ಕಾರಣ ಅದು ನಾವು ಕಂಡ ಹಕ್ಕಿಯೇ ಎಂದು ನಂಬುವುದು ಕಷ್ಟ. ಎಲುಬುಗಳು ಬಿಳಿಯ ದಾರದ ಎಳೆಗಳಂತೆ ತೆಳ್ಳಗೆ; ಮೈಯೊಳಗೆ ಗಾಳಿ ತುಂಬಿಕೊಂಡ ಚೀಲಗಳಿರುವ ಕಡೆಯಲ್ಲಿ ಗಾಢವಾದ ಕಪ್ಪು; ನಡುವೆ ಹೃದಯವೂ ಯಕೃತ್ತೂ ಒಂದರ ಕೆಳಗೊಂದು ಕೂಡಿ ರಚಿಸಿದ ಬೂದುಬಣ್ಣದ ಆಕೃತಿ. ಆರೋಗ್ಯವಂತ ಗಿಳಿಯಲ್ಲಿ ಈ ಆಕೃತಿಗೆ ಡಮರುವಿನಂತೆ ನಡು ಸಣ್ಣಗಿರಬೇಕೆಂದು ವೈದ್ಯರು ತೋರಿಸಿಕೊಟ್ಟಿದ್ದರಂತೆ. ಈ ಚಿತ್ರದಲ್ಲಿ ಹಕ್ಕಿಯ ಎಡಭಾಗಕ್ಕೆ ಆ ನಡು ಮಾಯವಾಗಿ, ಅಲ್ಲೊಂದು ಉಬ್ಬು, ಗಾಳಿ ತುಂಬಿದ ಬುರುಡೆಯ ಹಾಗೆ, ಹೊರಚಾಚಿಕೊಂಡಿತ್ತು. ಆ ಉಬ್ಬು ಏನು, ಅದನ್ನು ಕಂಡರೆ ವೈದ್ಯರು ಏಕೆ ಗಂಭೀರವಾಗುತ್ತಾರೆ, ಮತ್ತು ಅಂಥದೊಂದು ಚಿತ್ರವು ಬೀರುವಿನಲ್ಲಿ ಉಳಿಯುವುದಕ್ಕೂ ಸಂಶೋಧಕರ ಕೈಸೇರುವುದಕ್ಕೂ ಎಷ್ಟು ಅಂತರ ಎಂಬುದನ್ನು ಹೇಳುವುದಕ್ಕಾಗಿಯೇ ಈ ಲೇಖನ.

ಹಕ್ಕಿಗೆ ಹಲ್ಲಿಲ್ಲ. ಜಗಿಯುವ ಕೆಲಸವನ್ನು ಅದರ ಹೊಟ್ಟೆಯೇ ಮಾಡಬೇಕು. ಸಂಜೆ ಕೋಳಿಗಳನ್ನು ಗೂಡಿಗೆ ಕೂಡುವ ಹೆಂಗಸರು ಒಂದೊಂದರ ಕುತ್ತಿಗೆಯ ಬುಡವನ್ನು ಮುಟ್ಟಿ ನೋಡಿ, ಇದು ಹೊಟ್ಟೆ ತುಂಬ ಮೇದು ಬಂದಿದೆ, ಇದು ಬಂದಿಲ್ಲ ಎಂದು ಹೇಳುವುದುಂಟಷ್ಟೆ; ಅವರ ಬೆರಳಿಗೆ ಗಂಟಿನಂತೆ ಸಿಕ್ಕುವುದು ಗಂಟಲಚೀಲ, ಅವಸರದಲ್ಲಿ ನುಂಗಿದ ಕಾಳನ್ನು ನೆನೆಯಿಟ್ಟುಕೊಳ್ಳುವ ಉಗ್ರಾಣ. ಅಲ್ಲಿಂದ ಕಾಳು ಇಳಿಯುವುದು ಗ್ರಂಥಿಜಠರವೆಂಬ ಮೊದಲನೆಯ ಹೊಟ್ಟೆಗೆ. ಅದರ ಗೋಡೆಯ ಗ್ರಂಥಿಗಳು ಆಮ್ಲವನ್ನೂ ಪಾಚಕರಸವನ್ನೂ ಸುರಿಸುತ್ತವೆ. ಅದಕ್ಕೆ ಅಂಟಿಕೊಂಡೇ ಇರುವ ಎರಡನೆಯದು ದಪ್ಪ ಮಾಂಸದ ಗೋಡೆಯುಳ್ಳ, ಅರೆಯುವ ಹೊಟ್ಟೆ. ಕೋಳಿಯನ್ನು ಹಸನು ಮಾಡುವಾಗ ಸೀಳಿ, ಒಳಗಿನ ಹಳದಿ ಪೊರೆಯನ್ನು ಸುಲಿದು, ಮರಳು ಹರಳುಗಳನ್ನು ಝಾಡಿಸಿ ತೊಳೆಯುವ ಆ ಗಟ್ಟಿ ಉಂಡೆಯನ್ನು ಕಾಣದವರಿಲ್ಲ. ಈ ಎರಡು ಹೊಟ್ಟೆಗಳ ನಡುವಿನ ವ್ಯವಹಾರ ಒಮ್ಮುಖವಾದದ್ದಲ್ಲ. ಅರೆಯುವ ಹೊಟ್ಟೆ ಒಮ್ಮೆ ಸಂಕೋಚಗೊಂಡಾಗ ಅರೆಬರೆ ನುಗ್ಗಾದ ಕಾಳಿನ ಒಂದು ಪಾಲು ಹಿಂದಕ್ಕೆ ಗ್ರಂಥಿಜಠರಕ್ಕೆ ಸಾಗಿ, ಇನ್ನಷ್ಟು ರಸವನ್ನು ಹೀರಿ ಮರಳಿ ಬರುತ್ತದೆ. ಒರಳಿನ ಮುಂದೆ ಕುಳಿತ ಅಜ್ಜಿ ಒಂದು ಕೈಯಿಂದ ಗುಂಡನ್ನು ತಿರುಗಿಸುತ್ತ ಇನ್ನೊಂದು ಕೈಯಿಂದ ಅಂಚಿಗೆ ಸರಿದ ಹಿಟ್ಟನ್ನು ನಡುವಿಗೆ ತಳ್ಳುತ್ತಿದ್ದಂತೆ. ಈ ಲಯವನ್ನು ನಡೆಸುವುದು ಹೊಟ್ಟೆಯ ಗೋಡೆಯೊಳಗೆ ಬಲೆಯಂತೆ ಹೆಣೆದುಕೊಂಡಿರುವ ನರಗಳು.

ಆ ನರಗಳೇ ಕೆಟ್ಟರೆ? ಅಮೆರಿಕದಲ್ಲಿ 1970ರ ದಶಕದ ಕೊನೆಯ ಹೊತ್ತಿಗೆ, ದಕ್ಷಿಣ ಅಮೆರಿಕದಿಂದ ತರಿಸಿಕೊಂಡ ಮಕಾ ಎಂಬ ದೊಡ್ಡ ಗಿಳಿಗಳಲ್ಲಿ ಹೀಗೆಯೇ ಉಂಡದ್ದು ಅರಗದೆ ಕೃಶವಾಗಿ ಸಾಯುವ ವ್ಯಾಧಿಯೊಂದು ಪಕ್ಷಿವೈದ್ಯರ ಗಮನಕ್ಕೆ ಬಂತು. ಮೊದಲು ಅದನ್ನು ಮಕಾ ಗಿಳಿಗಳ ಕ್ಷಯವೆಂಬ ಅರ್ಥದ ಹೆಸರಿನಿಂದ ಕರೆದರು. ಬರಬರುತ್ತ ಅದು ಬೂದುಗಿಳಿ, ಕಾಕಟೂ, ಕಾಕಟೀಲ್ ಮೊದಲಾದ ಎಷ್ಟೋ ಜಾತಿಗಳಲ್ಲಿ ಕಾಣಿಸಿಕೊಂಡಾಗ, ಮುಖ್ಯ ಲಕ್ಷಣವನ್ನೇ ಹಿಡಿದು ಗ್ರಂಥಿಜಠರ ಹಿಗ್ಗುವ ರೋಗವೆಂಬ ಹೆಸರು ನಿಂತಿತು. ವೈದ್ಯರು ಆಡುಮಾತಿನಲ್ಲಿ ಪಿಡಿಡಿ ಎನ್ನುತ್ತಾರೆ. ಸತ್ತ ಪಕ್ಷಿಗಳ ಹೊಟ್ಟೆಯ ತುಣುಕುಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಾಗ, ನರಗಂಟುಗಳಲ್ಲಿ ಉರಿಯೂತದ ಬಿಳಿಯ ರಕ್ತಕಣಗಳು ಮುತ್ತಿಕೊಂಡಿರುವುದು ಕಾಣುತ್ತಿತ್ತು. ನರದ ಆಜ್ಞೆಯಿಲ್ಲದ ಹೊಟ್ಟೆ, ಎತ್ತು ಬಿಚ್ಚಿದ ಗಾಣದಂತೆ, ನಿಂತುಹೋಗುತ್ತದೆ. ಮೇಲಿನಿಂದ ಕಾಳು ಬೀಳುತ್ತಲೇ ಇರುವ ಕಾರಣ ಗ್ರಂಥಿಜಠರದ ಗೋಡೆ ಹಿಗ್ಗಿ ಹಿಗ್ಗಿ ತೆಳುವಾಗುತ್ತದೆ. ಅದೇ ಉರಿಯೂತ ಮಿದುಳಿಗೆ ಏರಿದರೆ ಹಕ್ಕಿ ತೂರಾಡುತ್ತದೆ, ತಲೆ ಅಲುಗಿಸುತ್ತದೆ, ಕೂತ ಕೋಲಿನಿಂದ ಬೀಳುತ್ತದೆ.

ಇದಕ್ಕೆ ಕಾರಣವೇನೆಂಬುದು ಸುಮಾರು ಮೂವತ್ತು ವರ್ಷ ಯಾರಿಗೂ ತಿಳಿದಿರಲಿಲ್ಲ. 2008ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಒಂದು ತಂಡವೂ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದ ಇನ್ನೊಂದು ತಂಡವೂ ಬೇರೆಬೇರೆಯಾಗಿ, ಒಂದೇ ವರ್ಷದಲ್ಲಿ, ರೋಗದ ಪಕ್ಷಿಗಳ ಅಂಗಾಂಶದಲ್ಲಿ ಹೊಸದೊಂದು ಬೋರ್ನಾ ವೈರಾಣುವನ್ನು ಪತ್ತೆಮಾಡಿದವು. ಬೋರ್ನಾ ಎಂಬುದು ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಒಂದು ಊರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಲ್ಲಿನ ಕುದುರೆಗಳನ್ನು ಪೀಡಿಸಿದ ಮಿದುಳಿನ ವ್ಯಾಧಿಗೆ ಆ ಊರಿನ ಹೆಸರೇ ಅಂಟಿಕೊಂಡು, ಶತಮಾನ ಕಳೆದ ಮೇಲೆ ಗಿಳಿಗಳವರೆಗೂ ಸಾಗಿ ಬಂತು. ಮರುವರ್ಷವೇ, ಎಂದರೆ 2009ರಲ್ಲಿ, ಈ ವೈರಾಣುವಿದ್ದ ಮಿದುಳಿನ ಅಂಶವನ್ನು ಕಾಕಟೀಲ್‌ಗಳಿಗೆ ಚುಚ್ಚಿ ರೋಗವನ್ನು ಮರುಸೃಷ್ಟಿಸಿ ತೋರಿಸಿದ ಪ್ರಯೋಗವೂ ಪ್ರಕಟವಾಯಿತು.

ಈ ಶೋಧದಲ್ಲಿ ಸಾಮಾನ್ಯ ಓದುಗನು ಗಮನಿಸಬೇಕಾದ ಸಂಗತಿಯೊಂದಿದೆ. ಕ್ಯಾಲಿಫೋರ್ನಿಯಾದ ತಂಡದ ಮುಂದಿದ್ದ ಅಂಗಾಂಶಗಳು ಅಮೆರಿಕದಿಂದಲೂ ಇಸ್ರೇಲಿನಿಂದಲೂ ಬಂದವು. ಅವು ರೋಗದಿಂದ ಸತ್ತ ಹಕ್ಕಿಗಳವು ಮಾತ್ರವಾಗಿರದೆ, ಬೇರೆ ಕಾರಣದಿಂದ ಸತ್ತ, ಈ ರೋಗವಿಲ್ಲದ ಹಕ್ಕಿಗಳವೂ ಆಗಿದ್ದವು. ರೋಗವಿದ್ದವುಗಳಲ್ಲಿ ಹೆಚ್ಚಾಗಿ ಸಿಕ್ಕಿ ಇಲ್ಲದವುಗಳಲ್ಲಿ ಸಿಕ್ಕದೆ ಹೋದಾಗಲಷ್ಟೇ ವೈರಾಣುವಿನ ಮೇಲೆ ಆರೋಪ ಹೊರಿಸಲು ಸಾಧ್ಯ. ಎಲ್ಲೋ ಯಾರೋ ಸಾಕಿದ ಹಕ್ಕಿ, ಎಲ್ಲೋ ಯಾರೋ ವೈದ್ಯರು ಅದನ್ನು ಸೀಳಿ ನೋಡಿ ಜೋಪಾನವಾಗಿ ಕಾದಿರಿಸಿದ ಚೂರು. ಅವರೆಲ್ಲರ ಸಹಕಾರವಿಲ್ಲದೆ ಮಹಾನಗರದ ಪ್ರಯೋಗಶಾಲೆಗೆ ಮಾಡುವುದೇನೂ ಇರಲಿಲ್ಲ.

ಕ್ಷ-ಕಿರಣದ ಚಿತ್ರಗಳ ಕಥೆಯೂ ಇದೇ ರೀತಿಯದು. ಗ್ರಂಥಿಜಠರ ಹಿಗ್ಗಿದೆಯೆಂದು ಹೇಳುವುದಕ್ಕೆ ಮುನ್ನ ಹಿಗ್ಗದ ಗ್ರಂಥಿಜಠರ ಎಷ್ಟಿರಬೇಕೆಂದು ತಿಳಿದಿರಬೇಕಷ್ಟೆ. ಒಂದು ಕಿಲೋಗ್ರಾಮಿಗಿಂತ ಹೆಚ್ಚು ತೂಗುವ ಮಕಾ ಗಿಳಿಗೂ ನೂರು ಗ್ರಾಮಿನ ಕಾಕಟೀಲಿಗೂ ಒಂದೇ ಅಳತೆ ಹೊಂದದು. ಅದಕ್ಕೆ ಸಂಶೋಧಕರು ಕಂಡುಕೊಂಡ ಉಪಾಯ ಬಹು ಸರಳವಾದದ್ದು, ಆದಕಾರಣವೇ ಸೊಗಸಾದದ್ದು: ಹಕ್ಕಿಯನ್ನು ಪಕ್ಕಕ್ಕೆ ಮಲಗಿಸಿ ತೆಗೆದ ಚಿತ್ರದಲ್ಲಿ ಗ್ರಂಥಿಜಠರದ ವ್ಯಾಸವನ್ನು ಅಳೆದು, ಅದೇ ಚಿತ್ರದಲ್ಲಿ ಎದೆಮೂಳೆಯ ಏಣಿನ ಎತ್ತರವನ್ನೂ ಅಳೆದು, ಮೊದಲನೆಯದನ್ನು ಎರಡನೆಯದರಿಂದ ಭಾಗಿಸುವುದು. 2008ರಲ್ಲಿ ಪ್ರಕಟವಾದ ಈ ಅಧ್ಯಯನಕ್ಕಾಗಿ ಹೊಸ ಹಕ್ಕಿಗಳನ್ನು ತಂದು ಪರೀಕ್ಷಿಸಲಿಲ್ಲ. ಮೊದಲೇ ತೆಗೆದಿಟ್ಟಿದ್ದ ಚಿತ್ರಗಳನ್ನು, ಅವುಗಳಲ್ಲಿ ಜೀರ್ಣಾಂಗದ ರೋಗವಿಲ್ಲದ 100 ಗಿಳಿಗಳ ಚಿತ್ರಗಳನ್ನು, ಹೊರತೆಗೆದು ಅಳೆದರು. ಆರೋಗ್ಯವಂತ ಗಿಳಿಗಳಲ್ಲಿ ಆ ಭಾಗಲಬ್ಧ 0.48ಕ್ಕಿಂತ ಕಡಿಮೆ ಇತ್ತು. ಇಂದು ಯಾವುದೇ ಊರಿನ ಪಶುವೈದ್ಯರು ಒಂದು ಅಳತೆಪಟ್ಟಿಯನ್ನು ಹಿಡಿದು ತಮ್ಮ ಮುಂದಿನ ಹಕ್ಕಿಯನ್ನು ಆ ನೂರು ಹಕ್ಕಿಗಳ ಪಕ್ಕದಲ್ಲಿ ನಿಲ್ಲಿಸಿ ನೋಡಬಲ್ಲರು.

ಅನುಪಾತವೆಂಬುದರ ಇನ್ನೊಂದು ಗುಣ ನನಗೆ ವಿಶೇಷವಾಗಿ ಮೆಚ್ಚುಗೆಯಾದದ್ದು. ಎರಡು ಅಳತೆಗಳೂ ಒಂದೇ ಚಿತ್ರದವಾದುದರಿಂದ, ಚಿತ್ರ ದೊಡ್ಡದಾಗಿ ಮುದ್ರಿತವಾಗಲಿ ಚಿಕ್ಕದಾಗಿ ಮುದ್ರಿತವಾಗಲಿ, ಹಳೆಯ ಯಂತ್ರದಲ್ಲಿ ತೆಗೆದಿರಲಿ ಹೊಸದರಲ್ಲಿ ತೆಗೆದಿರಲಿ, ಭಾಗಲಬ್ಧ ಬದಲಾಗದು. ಹತ್ತು ಊರಿನ ಹತ್ತು ಆಸ್ಪತ್ರೆಗಳ ಚಿತ್ರಗಳು ಒಂದೇ ರಾಶಿಯಲ್ಲಿ ಸೇರಲು ಈ ಗುಣವೇ ದಾರಿ ಮಾಡಿಕೊಡುತ್ತದೆ. ಏಣಿನ ಎತ್ತರವನ್ನೇ ಆರಿಸಿಕೊಂಡದ್ದೂ ಬುದ್ಧಿವಂತಿಕೆ: ಕಾಯಿಲೆಯಿಂದ ಮಾಂಸ ಕರಗೀತು, ತೂಕ ಇಳಿದೀತು, ಆದರೆ ಬೆಳೆದ ಹಕ್ಕಿಯ ಎಲುಬು ಕುಗ್ಗುವುದಿಲ್ಲ.

ಆದರೆ ಹಿಗ್ಗಿದ ಹೊಟ್ಟೆಯೆಲ್ಲ ಪಿಡಿಡಿ ಅಲ್ಲ. ಪಂಜರದ ಬಣ್ಣವನ್ನೋ ಸೀಸದ ಚೂರನ್ನೋ ಕುಟುಕಿ ವಿಷವೇರಿದ ಹಕ್ಕಿಯ ಹೊಟ್ಟೆಯೂ ಜಡವಾಗಿ ಹಿಗ್ಗುತ್ತದೆ. ಅಂಥಲ್ಲಿ ಚಿತ್ರದಲ್ಲಿ ಲೋಹದ ಕಣಗಳು ನಕ್ಷತ್ರದಂತೆ ಬೆಳ್ಳಗೆ ಹೊಳೆಯುವುದುಂಟು. ಬಹುಕಾಲ ಬ್ಯಾಕ್ಟೀರಿಯವೆಂದು ತಿಳಿದು, ಕೊನೆಗೆ ಯೀಸ್ಟ್ ಬಗೆಯ ಶಿಲೀಂಧ್ರವೆಂದು ಗುರುತಿಸಲಾದ ಒಂದು ಜೀವಿಯೂ ಚಿಕ್ಕ ಹಕ್ಕಿಗಳ ಗ್ರಂಥಿಜಠರವನ್ನು ಕೆಡಿಸುತ್ತದೆ. ನುಂಗಿದ ದಾರ, ಜಂತು, ಗಡ್ಡೆ, ಇವೂ ಕಾರಣವಾಗಬಹುದು. ಕೈಯಲ್ಲಿ ಗುಟುಕು ತಿನ್ನಿಸಿ ಬೆಳೆಸುತ್ತಿರುವ ಮರಿಯ ಗ್ರಂಥಿಜಠರವಂತೂ ಯಾವ ರೋಗವೂ ಇಲ್ಲದೆಯೇ ದೊಡ್ಡದಾಗಿರುತ್ತದೆ. ವಯಸ್ಸನ್ನು ಹೇಳದೆ ಚಿತ್ರವನ್ನು ಮಾತ್ರ ಕೊಟ್ಟರೆ ಆ ಮರಿಯನ್ನು ರೋಗಿಯೆಂದು ಬರೆದುಕೊಂಡು ಅಧ್ಯಯನವೇ ದಾರಿ ತಪ್ಪೀತು. ವೈರಾಣುವಿನ ಪರೀಕ್ಷೆಯೂ ತಾನಾಗಿ ನಿರ್ಣಾಯಕವಲ್ಲ, ಏಕೆಂದರೆ ವೈರಾಣುವನ್ನು ಹೊತ್ತುಕೊಂಡೇ ವರ್ಷಾನುಗಟ್ಟಲೆ ನೆಮ್ಮದಿಯಿಂದ ಬದುಕುವ ಹಕ್ಕಿಗಳಿವೆ. ಗಂಟಲಚೀಲದ ಚೂರನ್ನು ಕತ್ತರಿಸಿ ನರಗಂಟುಗಳನ್ನು ನೋಡುವ ಪರೀಕ್ಷೆಯಲ್ಲಿ ರೋಗ ಸಿಕ್ಕರೆ ಖಂಡಿತ, ಸಿಗದಿದ್ದರೆ ಇಲ್ಲವೆನ್ನುವಂತಿಲ್ಲ. ರೋಗವು ಅಲ್ಲಲ್ಲಿ ತೇಪೆಯಂತೆ ಇರುವುದರಿಂದ ಕತ್ತರಿ ಬಿದ್ದ ಜಾಗದಲ್ಲಿ ಅದು ಇಲ್ಲದಿರಬಹುದು. ಆದಕಾರಣ ಚಿತ್ರ, ರಕ್ತ, ಹಿಕ್ಕೆ, ಅಂಗಾಂಶ, ಇವುಗಳೆಲ್ಲದರ ಸಾಕ್ಷ್ಯ ಕೂಡಿದಾಗಲೇ ನಿರ್ಣಯ. ಮತ್ತು ಎಲ್ಲಕ್ಕೂ ಮಿಗಿಲಾದ ಸಾಕ್ಷಿಯೆಂದರೆ, ಹೇಳುವುದಕ್ಕೆ ಕಠಿಣವಾದರೂ ಹೇಳಲೇಬೇಕು, ಹಕ್ಕಿ ಸತ್ತ ಮೇಲಿನ ಶವಪರೀಕ್ಷೆ.

ಇಲ್ಲಿಯೇ ಸಂಶೋಧಕರಿಗೆ ಕೊಡುವ ಚಿತ್ರ ಹೇಗಿರಬೇಕೆಂಬ ಪ್ರಶ್ನೆ ಬರುತ್ತದೆ. ಹಕ್ಕಿಯ ಚಿತ್ರ ತೆಗೆಯುವುದು ದನದ ಕಾಲಿನ ಚಿತ್ರ ತೆಗೆದಂತಲ್ಲ. ಅದಕ್ಕೆ ನಮ್ಮಂತೆ ಎದೆ ಹೊಟ್ಟೆಗಳ ನಡುವೆ ಉಸಿರಾಟದ ಪರದೆಯಿಲ್ಲ. ಎದೆಮೂಳೆ ಹೊರಕ್ಕೂ ಒಳಕ್ಕೂ ಆಡಿದರೆ ಮಾತ್ರ ಉಸಿರು. ತಿಳಿಯದವರು ಎದೆಯನ್ನು ಅದುಮಿ ಹಿಡಿದರೆ ನಿಮಿಷಮಾತ್ರದಲ್ಲಿ ಪ್ರಾಣ ಹೋದೀತು. ಆದ್ದರಿಂದ ಬಲ್ಲ ವೈದ್ಯರು ಲಘುವಾಗಿ ಅರಿವಳಿಕೆಯ ಗಾಳಿಯನ್ನು ಕೊಟ್ಟು, ಪಾರದರ್ಶಕವಾದ ಹಲಗೆಯ ಮೇಲೆ ಮಲಗಿಸಿ, ರೆಕ್ಕೆಗಳನ್ನೂ ಕಾಲುಗಳನ್ನೂ ಮೃದುವಾದ ಅಂಟುಪಟ್ಟಿಯಿಂದ ಹಿಡಿಸಿ, ಕ್ಷಣದ ಅತ್ಯಲ್ಪ ಭಾಗದಲ್ಲಿ ಕಿರಣವನ್ನು ಹಾಯಿಸುತ್ತಾರೆ. ಅಂಗಾತ ಒಂದು, ಪಕ್ಕಕ್ಕೆ ಒಂದು, ಹೀಗೆ ಎರಡು ಚಿತ್ರಗಳು ಬೇಕು. ಹಕ್ಕಿ ತುಸು ವಾರೆಯಾಗಿ ಮಲಗಿದ್ದರೂ ಒಂದು ಅಂಗದ ನೆರಳು ಇನ್ನೊಂದರ ಮೇಲೆ ಬಿದ್ದು ಉಬ್ಬಿಲ್ಲದಲ್ಲಿ ಉಬ್ಬು ಕಾಣುತ್ತದೆ. ಹೊಟ್ಟೆಯ ಗೋಡೆ ಸ್ಪಷ್ಟವಾಗದಿದ್ದಾಗ ಬೇರಿಯಂ ಸಲ್ಫೇಟಿನ ಬಿಳಿಯ ದ್ರವವನ್ನು ನಳಿಗೆಯಿಂದ ಗಂಟಲಚೀಲಕ್ಕೆ ಇಳಿಸಿ, ಅದು ಎಲ್ಲೆಲ್ಲಿ ಎಷ್ಟೆಷ್ಟು ಹೊತ್ತು ನಿಂತಿತೆಂದು ಮತ್ತೆ ಮತ್ತೆ ಚಿತ್ರ ತೆಗೆಯುವುದೂ ಉಂಟು. ಆಗ ಪ್ರತಿ ಚಿತ್ರದ ಮೇಲೂ ಗಂಟೆ ನಿಮಿಷಗಳು ಇರಲೇಬೇಕು.

ಇಂದು ಬಹುಪಾಲು ಚಿತ್ರಗಳು ಗಣಕದಲ್ಲಿಯೇ ಹುಟ್ಟುತ್ತವೆ. ಅವುಗಳನ್ನು ಡೈಕಾಂ ಎಂಬ ರೂಪದಲ್ಲಿ ಉಳಿಸಿದರೆ ಅಳತೆ, ದಿನಾಂಕ, ಕಿರಣದ ಪ್ರಮಾಣ ಎಲ್ಲವೂ ಚಿತ್ರದೊಡನೆಯೇ ಇರುತ್ತವೆ. ಬೆಳಕಿನ ಪೆಟ್ಟಿಗೆಯ ಮೇಲೆ ಹಾಳೆಯನ್ನಿಟ್ಟು ಮೊಬೈಲಿನಲ್ಲಿ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿದ್ದು ಸ್ನೇಹಿತರ ಸಲಹೆ ಕೇಳಲು ಸಾಕಾದೀತು, ಸಂಶೋಧನೆಗೆ ಸಾಲದು. ಓರೆಯಾಗಿ ಹಿಡಿದ ಫೋನು ಏಣನ್ನೂ ಜಠರವನ್ನೂ ಬೇರೆಬೇರೆ ಪ್ರಮಾಣದಲ್ಲಿ ಎಳೆದುಬಿಟ್ಟರೆ, ನಾವು ಹೊಗಳಿದ ಆ ಅನುಪಾತವೇ ಸುಳ್ಳಾಗುತ್ತದೆ. ಚಿತ್ರದ ಜೊತೆಗೆ ಹಕ್ಕಿಯ ಜಾತಿ, ವಯಸ್ಸು, ಆ ದಿನದ ತೂಕ, ತಿನ್ನುತ್ತಿದ್ದ ಆಹಾರ, ಒಂದೇ ಪಂಜರದಲ್ಲಿದ್ದ ಇತರ ಹಕ್ಕಿಗಳು, ಕೊಟ್ಟ ಔಷಧ, ಇವೆಲ್ಲ ಬೇಕು. ಸಾಕಿದವರ ಹೆಸರು ವಿಳಾಸಗಳು ಬೇಡ, ಅವುಗಳನ್ನು ತೆಗೆದುಹಾಕಿ ಅವರ ಒಪ್ಪಿಗೆಯನ್ನು ಮಾತ್ರ ಬರೆಸಿಕೊಳ್ಳಬೇಕು. ಇಷ್ಟಾದ ಮೇಲೂ ಬಹುತೇಕ ಎಲ್ಲೆಡೆಯೂ ಬಿಟ್ಟುಹೋಗುವ ಒಂದು ಅಂಶವಿದೆ: ಆಮೇಲೇನಾಯಿತು? ಹಕ್ಕಿ ಚೇತರಿಸಿಕೊಂಡಿತೇ, ಆರು ತಿಂಗಳಾದ ಮೇಲೆ ತೂಕವೆಷ್ಟು, ಸತ್ತಿದ್ದರೆ ಸೀಳಿ ನೋಡಿದಾಗ ಕಂಡದ್ದೇನು? ಈ ಕೊನೆಯ ಸಾಲಿಲ್ಲದ ಚಿತ್ರ, ತೀರ್ಪಿನ ಪುಟ ಹರಿದುಹೋದ ದಾವೆಯ ಕಾಗದದಂತೆ, ವಾದವನ್ನೆಲ್ಲ ಹೇಳಿ ಸತ್ಯವನ್ನು ಹೇಳದೆ ನಿಲ್ಲುತ್ತದೆ.

ಕೋಳಿ ಸಾಕಣೆಯವರು ಇದನ್ನು ಓದಿ, ನಮಗೂ ಎಕ್ಸ್-ರೇ ಬೇಕೇ ಎಂದು ಕೇಳಬಹುದು. ದಾವಣಗೆರೆ ಸೀಮೆಯ ಮೆಕ್ಕೆಜೋಳದ ಬಹುದೊಡ್ಡ ಪಾಲು ಕೋಳಿಯ ಆಹಾರವಾಗಿಯೇ ಹೋಗುವಾಗ ಈ ಪ್ರಶ್ನೆ ಸಹಜವಾದದ್ದೇ. ಉತ್ತರ, ಬೇಡ ಎಂಬುದು. ನಮ್ಮಲ್ಲಿ ಕೊಕ್ಕರೆ ರೋಗವೆಂದು ಕರೆಯುವ ರಾಣಿಖೇತ್ ವ್ಯಾಧಿಯಲ್ಲಿ ಗ್ರಂಥಿಜಠರದ ಒಳಮೈಯಲ್ಲಿ ರಕ್ತದ ಚುಕ್ಕೆಗಳು ಮೂಡುತ್ತವೆ. ರಕ್ತಭೇದಿಯಲ್ಲಿ ಕರುಳಿನ ಗೋಡೆಯೇ ಹಣ್ಣಾಗುತ್ತದೆ. ಕ್ಷ-ಕಿರಣಕ್ಕೆ ಇವೆರಡೂ ಕಾಣವು, ಸತ್ತ ಕೋಳಿಯನ್ನು ಸೀಳಿದ ವೈದ್ಯರ ಕಣ್ಣಿಗೆ ಕಾಣುತ್ತವೆ. ಸಾವಿರಾರು ಕೋಳಿಗಳ ಶೆಡ್ಡಿನಲ್ಲಿ ಎರಡು ಮೂರನ್ನು ಕೊಯ್ದು ನೋಡಿ ಉಳಿದವನ್ನು ಕಾಪಾಡುವುದೇ ನ್ಯಾಯವಾದ ಮಾರ್ಗ. ಕೊಯ್ದು ನೋಡಲಾಗದ ಹಕ್ಕಿಗೆ, ಎಂದರೆ ಮನೆಯವರ ಅಕ್ಕರೆಯ ಒಂಟಿ ಹಕ್ಕಿಗೆ, ಇಲ್ಲವೇ ಸಂಖ್ಯೆಯಲ್ಲಿ ಕ್ಷೀಣಿಸುತ್ತಿರುವ ವನ್ಯಪಕ್ಷಿಗೆ, ಜೀವವಿದ್ದಾಗಲೇ ಒಳಗನ್ನು ತೋರಿಸುವ ಕಿಟಕಿ ಕ್ಷ-ಕಿರಣವೇ ಆಗಿದೆ.

ವನ್ಯಪಕ್ಷಿಯೆಂದಾಗ ಕೊಕ್ಕರೆಬೆಳ್ಳೂರಿನ ನೆನಪು ಬಾರದಿರದು. ಮದ್ದೂರು ತಾಲ್ಲೂಕಿನ ಆ ಊರಿನಲ್ಲಿ, ಮನೆಯ ಹಿತ್ತಲಿನ ಹುಣಿಸೆ ಮರಗಳ ಮೇಲೆ ಹೆಜ್ಜಾರ್ಲೆಗಳು ಗೂಡು ಕಟ್ಟುತ್ತವೆ. ಹೆರಿಗೆಗೆ ತವರಿಗೆ ಬಂದ ಮಗಳನ್ನು ನೋಡಿಕೊಳ್ಳುವಂತೆ ಊರವರು ಅವನ್ನು ನೋಡಿಕೊಳ್ಳುತ್ತಾರೆ. 2017ರ ಕೊನೆಯಲ್ಲಿಯೂ 2018ರ ಆರಂಭದಲ್ಲಿಯೂ ಆ ಹಕ್ಕಿಗಳು ಒಂದಾದ ಮೇಲೊಂದು ಮರದಿಂದ ಉದುರಿ ಸತ್ತವು. ಹಕ್ಕಿಜ್ವರವೆಂಬ ಭೀತಿ ಹಬ್ಬಿದರೂ ಶವಪರೀಕ್ಷೆಯಲ್ಲಿ ಕಂಡದ್ದು ದುಂಡುಜಂತುಗಳ ಹಾವಳಿ. ಸತ್ತ ಹಕ್ಕಿಯನ್ನು ಮಣ್ಣುಮಾಡದೆ ಪರೀಕ್ಷೆಗೆ ಒಪ್ಪಿಸಿದ್ದರಿಂದಲೇ ಕಾರಣ ಬೆಳಕಿಗೆ ಬಂತು. ಗಿಳಿಗಳ ವಿಷಯದಲ್ಲಾದರೋ ಕರ್ನಾಟಕಕ್ಕೆ ಮೈಸೂರಿನ ಶುಕವನವೇ ಒಂದು ಸಂಪತ್ತು. ಅವಧೂತ ದತ್ತಪೀಠದ ಆವರಣದಲ್ಲಿರುವ ಆ ಪಕ್ಷಿಧಾಮವು 468 ಜಾತಿಯ ಪಕ್ಷಿಗಳಿಗಾಗಿ 2017ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿತು. ಅಷ್ಟು ಜಾತಿಗಳು ಒಂದೆಡೆ ಇರುವ ಸ್ಥಳಗಳೂ, ಹೆಬ್ಬಾಳದಲ್ಲಿಯೂ ನಮಗೆ ಹತ್ತಿರದ ಶಿವಮೊಗ್ಗದಲ್ಲಿಯೂ ಇರುವ ಪಶುವೈದ್ಯಕೀಯ ಕಾಲೇಜುಗಳೂ, ಊರೂರಿನಲ್ಲಿ ಒಂದೆರಡು ಹಕ್ಕಿ ಸಾಕಿದ ಮನೆಗಳೂ ಪರಸ್ಪರ ಕೈಹಿಡಿದರೆ, ಯಾವ ಜಾತಿಗೆ ಎಷ್ಟು ಅಳತೆ ಸಹಜವೆಂಬ ಕೋಷ್ಟಕವನ್ನು ನಮ್ಮ ನಾಡಿನ ಹಕ್ಕಿಗಳಿಂದಲೇ ಸಿದ್ಧಪಡಿಸಬಹುದೆಂದು ನನ್ನ ದೃಢವಾದ ನಂಬಿಕೆ. ಹನ್ನೆರಡನೆಯ ಶತಮಾನದಷ್ಟು ಹಿಂದೆಯೇ ಚಾಲುಕ್ಯ ವಂಶದ ಕೀರ್ತಿವರ್ಮನು ‘ಗೋವೈದ್ಯ’ವನ್ನು ಕನ್ನಡದಲ್ಲಿ ಬರೆದನು, ಹಸುವಿನ ಕಾಯಿಲೆಯ ಅನುಭವವನ್ನು ಒಂದೆಡೆ ಕೂಡಿಡುವ ಆ ಬುದ್ಧಿ ನಮಗೆ ಹೊಸದಲ್ಲ.

ಕ್ಷ-ಕಿರಣವನ್ನು ಕಂಡುಹಿಡಿದವನ ನಡತೆಯೂ ಇಲ್ಲಿ ಸ್ಮರಣೀಯ. ಜರ್ಮನಿಯ ವ್ಯೂರ್ಟ್ಸ್‌ಬರ್ಗಿನ ರಾಂಟ್‌ಜನ್ 1895ರ ನವೆಂಬರ್ 8ರ ಸಂಜೆ ಅದನ್ನು ಮೊದಲು ಗಮನಿಸಿದನು. ಅದೇನೆಂದು ತಿಳಿಯದ ಕಾರಣ ಗಣಿತದ ಅವ್ಯಕ್ತ ರಾಶಿಯ ಹೆಸರನ್ನೇ ಅದಕ್ಕಿಟ್ಟನು, ಕನ್ನಡದಲ್ಲಿ ಅದು ‘ಕ್ಷ’ ಆಯಿತು. ಡಿಸೆಂಬರ್ 22ರಂದು ತನ್ನ ಹೆಂಡತಿಯ ಕೈಯನ್ನಿರಿಸಿ ತೆಗೆದ ಚಿತ್ರದಲ್ಲಿ ಎಲುಬುಗಳ ಮೇಲೆ ಉಂಗುರ ತೇಲುತ್ತಿರುವುದನ್ನು ಇಂದಿಗೂ ನೋಡಬಹುದು. 1901ರಲ್ಲಿ ಭೌತವಿಜ್ಞಾನದ ಮೊಟ್ಟಮೊದಲ ನೊಬೆಲ್ ಪಾರಿತೋಷಕ ಆತನಿಗೆ ಸಂದಿತು. ಪೇಟೆಂಟ್ ಪಡೆದಿದ್ದರೆ ಅಪಾರ ಐಶ್ವರ್ಯ ಕೂಡಿಸಬಹುದಾಗಿದ್ದವನು, ಲೋಕಕ್ಕೆ ಸಲ್ಲಬೇಕಾದದ್ದೆಂದು ಅದನ್ನು ಪಡೆಯಲಿಲ್ಲ. ಪಾರಿತೋಷಕದ ಹಣವನ್ನೂ ತನ್ನ ವಿಶ್ವವಿದ್ಯಾನಿಲಯಕ್ಕೆ ಬಿಟ್ಟುಕೊಟ್ಟನು.

ನಮ್ಮ ಮನೆಗಳಲ್ಲಿ ಎಕ್ಸ್-ರೇ ಹಾಳೆಗೆ ದೊರೆಯುವ ಗತಿಯೇ ಬೇರೆ. 1980ರ ಫೆಬ್ರುವರಿ 16ರಂದು ಕರ್ನಾಟಕದ ಮೇಲೆ ಸಂಪೂರ್ಣ ಸೂರ್ಯಗ್ರಹಣ ಹಾದುಹೋದಾಗಿನಿಂದ, ಯಾರದೋ ಮುರಿದ ತೋಳಿನ ಹಳೆಯ ಚಿತ್ರವನ್ನು ಕಣ್ಣಿಗೆ ಅಡ್ಡಹಿಡಿದು ಗ್ರಹಣ ನೋಡುವ ಅಭ್ಯಾಸವನ್ನು ನಾನು ಕಾಣುತ್ತ ಬಂದಿದ್ದೇನೆ. ಅದು ಕಣ್ಣಿಗೆ ಅಪಾಯಕರ, ಮಾಡಬಾರದು. ಉಳಿದವು ಬೆಳ್ಳಿಯ ಅಂಶಕ್ಕಾಗಿ ಗುಜರಿಯವರ ಪಾಲಾಗುತ್ತವೆ.

ಮೇಷ್ಟ್ರ ಗಂಡು ಕಾಕಟೀಲ್ ಚಿತ್ರ ತೆಗೆದ ಎರಡು ವಾರಕ್ಕೆ ತೀರಿಕೊಂಡಿತು. ಹಿತ್ತಲಿನ ಪಾರಿಜಾತದ ಬುಡದಲ್ಲಿ ಅದನ್ನು ಮಣ್ಣುಮಾಡಿದರು. ಸೀಳಿ ನೋಡಿಸಬೇಕೆಂದು ಹೇಳಿದವರಿರಲಿಲ್ಲ, ಹೇಳಿದ್ದರೂ ಆ ದಿನ ಅವರ ಮನಸ್ಸು ಒಪ್ಪುತ್ತಿರಲಿಲ್ಲ. ಹಾಗಾಗಿ ಅದರ ಹೊಟ್ಟೆ ಹಿಗ್ಗಿತ್ತೆಂಬುದು ಉಳಿಯಿತೇ ಹೊರತು, ಏಕೆ ಹಿಗ್ಗಿತ್ತೆಂಬುದು ಉಳಿಯಲಿಲ್ಲ. ಮರುವರ್ಷ ಹೆಣ್ಣು ಹಕ್ಕಿ ಬಾಗಿಲಿಗೆ ಸಿಕ್ಕಿ ರೆಕ್ಕೆಗೆ ಪೆಟ್ಟು ಮಾಡಿಕೊಂಡಿತು. ರೆಕ್ಕೆಗಾಗಿ ತೆಗೆದ ಚಿತ್ರದಲ್ಲಿ ಅದರ ಮೈಯೆಲ್ಲ ಬಂದಿತ್ತು. ಡಮರುವಿನ ನಡು ಇರಬೇಕಾದಂತೆ ಸಣ್ಣಗಿತ್ತು. ಮೇಷ್ಟ್ರಿಗೆ ಅಂದು ವೈದ್ಯರು, ಇದನ್ನು ಎಸೆಯಬೇಡಿ, ರೋಗದ ಹಕ್ಕಿಯ ಚಿತ್ರದಷ್ಟೇ ಇದೂ ಬೇಕಾದದ್ದು, ಅದರ ಜೊತೆ ಒಂದೇ ಪಂಜರದಲ್ಲಿ ಇದ್ದ ಹಕ್ಕಿಯಾದ್ದರಿಂದ ಮುಂದೇನಾಗುತ್ತದೆಂದು ನೋಡಬೇಕಾದದ್ದು ಎಂದು ಹೇಳಿ ಕಳಿಸಿದರು.

ಕಳೆದ ತಿಂಗಳು ನಾನು ಹೋದಾಗ ಅವರು ಮೇಜಿನ ಮುಂದೆ ಕುಳಿತಿದ್ದರು. ಎರಡು ಹಾಳೆಗಳನ್ನೂ ಒಂದೇ ಲಕೋಟೆಯಲ್ಲಿರಿಸಿ, ಹಾಜರಿ ಪುಸ್ತಕ ಬರೆದು ಪಳಗಿದ ದುಂಡಗಿನ ಅಕ್ಷರಗಳಲ್ಲಿ ಅದರ ಮೇಲೆ ಬರೆಯುತ್ತಿದ್ದರು: ಗಂಡು, ನಾಲ್ಕು ವರ್ಷ, 68 ಗ್ರಾಂ, ನವಣೆ ಮತ್ತು ಸೂರ್ಯಕಾಂತಿ ಬೀಜ, ಚಿತ್ರ ತೆಗೆದ ದಿನ, ಸತ್ತ ದಿನ, ಶವಪರೀಕ್ಷೆ ಎಂಬುದರ ಎದುರಿಗೆ, ಮಾಡಿಸಲಿಲ್ಲ. ಅದರ ಕೆಳಗೆ: ಹೆಣ್ಣು, ಐದು ವರ್ಷ, 94 ಗ್ರಾಂ, ಅದೇ ಪಂಜರ, ಅದೇ ಆಹಾರ, ಚಿತ್ರ ತೆಗೆದ ದಿನ. ಅಡುಗೆಮನೆಯ ತಕ್ಕಡಿಯ ಮೇಲೆ ಒಂದು ಬಟ್ಟಲನ್ನಿಟ್ಟು ಪ್ರತಿ ಭಾನುವಾರ ಅದನ್ನು ತೂಗುತ್ತೇನೆಂದು ಹೇಳಿ, ಕ್ಯಾಲೆಂಡರಿನ ಹಿಂದಿನ ಹಾಳೆಗಳಲ್ಲಿ ಬರೆದಿಟ್ಟ ಅಂಕಿಗಳನ್ನು ತೋರಿಸಿದರು. ಲಕೋಟೆಯ ಕೆಳಗಿನ ಅರ್ಧ ಇನ್ನೂ ಬಿಳಿಯಾಗಿಯೇ ಇತ್ತು. ಪಂಜರದೊಳಗೆ ಹೆಣ್ಣು ಹಕ್ಕಿ ನವಣೆಯ ತೆನೆಯೊಂದನ್ನು ಕಾಲಿನಲ್ಲಿ ಹಿಡಿದು, ಒಂದೊಂದೇ ಕಾಳನ್ನು ಸುಲಿದು, ಸಿಪ್ಪೆಯನ್ನು ಪತ್ರಿಕೆಯ ಮೇಲೆ ಉದುರಿಸುತ್ತಿತ್ತು.